'ಬೇಕಂತ ಮಾಡಿಲ್ಲ ಸರ್' ಅಂದರೆ ಸಾಕೇ?

ಕ್ರಿಮಿನಲ್ ಕೇಸಿನಲ್ಲಿ ಹೆಸರು ಬಂದವರು ವಕೀಲರ ಮುಂದೆ ಕೂತ ತಕ್ಷಣ ಹೇಳುವ ಮಾತು ಸಾಮಾನ್ಯವಾಗಿ ಒಂದೇ. 'ಬೇಕಂತ ಮಾಡಿದ್ದಲ್ರೀ ಸರ್.' ಜಗಳೂರು ಕಡೆಯ ರೈತರಿರಲಿ, ಚನ್ನಗಿರಿಯ ಅಡಿಕೆ ತೋಟದವರಿರಲಿ, ದಾವಣಗೆರೆ ಪೇಟೆಯ ವ್ಯಾಪಾರಿಯೇ ಇರಲಿ, ಮಾತು ಬದಲಾಗುವುದಿಲ್ಲ. ಎಷ್ಟೋ ಸಲ ಅವರು ನಿಜವನ್ನೇ ಹೇಳುತ್ತಿರುತ್ತಾರೆ. ಆದರೆ ಆ ಮಾತು ಕೆಲವು ಕೇಸಿನಲ್ಲಿ ಪೂರ್ತಿ ಬಿಡುಗಡೆ ಕೊಡಿಸುತ್ತದೆ. ಕೆಲವದರಲ್ಲಿ ಶಿಕ್ಷೆಯನ್ನು ಇಳಿಸುತ್ತದೆ ಅಷ್ಟೇ. ಇನ್ನು ಕೆಲವದರಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ. ತಮ್ಮ ಕೇಸ್ ಇದರಲ್ಲಿ ಯಾವ ಗುಂಪಿಗೆ ಸೇರುತ್ತದೆ ಅನ್ನೋದು ಬಂದವರಿಗೆ ಗೊತ್ತಿರುವುದಿಲ್ಲ.

ನಮ್ಮ ಕ್ರಿಮಿನಲ್ ಕಾನೂನು 'ಏನು ಮಾಡಿದೆ' ಅನ್ನೋದರ ಜೊತೆಗೆ 'ಏನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದೆ' ಅಂತಲೂ ಕೇಳುತ್ತದೆ. ವಕೀಲರ ಬಾಯಲ್ಲಿ ಇದು ಮೆನ್ಸ್ ರಿಯಾ. 1860ರ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿ, ಬರೆದವರು ಇದಕ್ಕೆ ಅಂತ ಒಂದು ಸಾಮಾನ್ಯ ನಿಯಮ ಇಡಲಿಲ್ಲ. ಯಾವ ಅಪರಾಧಕ್ಕೆ ಎಂಥ ಮನಸ್ಸು ಬೇಕು ಅನ್ನೋದನ್ನು ಆಯಾ ಕಲಮಿನೊಳಗೇ ಬರೆದರು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್, ಕಲಮುಗಳ ನಂಬರ್ ಬದಲಿಸಿದರೂ ಈ ಪದ್ಧತಿಯನ್ನು ಹಾಗೇ ಉಳಿಸಿಕೊಂಡಿದೆ. ಆ ದಿನಕ್ಕಿಂತ ಮೊದಲು ನಡೆದ ಘಟನೆಗೆ ಇವತ್ತಿಗೂ ಐಪಿಸಿಯೇ. ಹಾಗಾಗಿ ಬೆಳಿಗ್ಗೆ 302 ಅಂತ ವಾದಿಸಿ ಮಧ್ಯಾಹ್ನ 103 ಅಂತ ವಾದಿಸುವ ಕಾಲ ನಮ್ಮದು. ಎರಡೂ ಕೊಲೆಯೇ.

ಈ ಮನಸ್ಸಿನಲ್ಲಿ ಹಂತಗಳಿವೆ. ಎಲ್ಲಕ್ಕಿಂತ ಮೇಲೆ ಉದ್ದೇಶ: ಹೀಗೇ ಆಗಲಿ ಅಂತ ಮಾಡುವುದು. ಅದರ ಕೆಳಗೆ ತಿಳಿವಳಿಕೆ: ಆಗಲಿ ಅಂತ ಬಯಸದಿದ್ದರೂ, ಆಗಬಹುದು ಅಂತ ಗೊತ್ತಿದ್ದೂ ಮಾಡುವುದು. ಅದಕ್ಕೂ ಕೆಳಗೆ 'ನಂಬಲು ಕಾರಣವಿತ್ತು' ಅನ್ನುವ ಹಂತ. ಕದ್ದ ಮಾಲು ಕೊಂಡವರ ಮೇಲೆ ಬೀಳುವ 317ನೇ ಕಲಂ ಇದನ್ನು ಬಳಸುತ್ತದೆ. ಬಿಲ್ ಇಲ್ಲದ ಹೊಸ ಫೋನನ್ನು ಎರಡು ಸಾವಿರಕ್ಕೆ ಕೊಂಡವನು 'ಕದ್ದದ್ದು ಅಂತ ಗೊತ್ತಿರಲಿಲ್ಲ' ಅಂದರೆ, 'ಆ ರೇಟಿಗೆ ಕೊಟ್ಟಾಗ ಅನುಮಾನ ಬರಲಿಲ್ಲವೇ' ಅಂತ ಜಡ್ಜ್ ಕೇಳುತ್ತಾರೆ. ಕೊನೆಯಲ್ಲಿ ದುಡುಕು ಮತ್ತು ನಿರ್ಲಕ್ಷ್ಯ. 'ಬೇಕಂತ ಮಾಡಿಲ್ಲ' ಅನ್ನುವ ಮಾತು ಮೇಲಿನ ಹಂತಕ್ಕೆ ಮಾತ್ರ ಉತ್ತರ. ಕೆಳಗಿನ ಮೂರನ್ನು ಅದು ಮುಟ್ಟುವುದೇ ಇಲ್ಲ.

ಒಂದು ಕೇಸ್ ಕಲ್ಪಿಸಿಕೊಳ್ಳೋಣ. ಇದು ಯಾರದೋ ನಿಜವಾದ ಕೇಸ್ ಅಲ್ಲ. ಆದರೆ ಇದರಲ್ಲಿರುವ ಒಂದೊಂದು ಅಂಶವೂ ಕೋರ್ಟಿನಲ್ಲಿ ಕಂಡದ್ದೇ.

ಭದ್ರಾ ನಾಲೆಯ ಕೊನೆ ಭಾಗದ ಊರು. ಬೇಸಿಗೆ ಭತ್ತ. ರಾತ್ರಿ ಪಾಳಿಯ ನೀರು. ಮೇಲಿನ ಗದ್ದೆಯವನು ಟಾರ್ಚ್ ಹಿಡಿದು ಬಂದು ನೋಡಿದರೆ ಪಕ್ಕದವನು ಬದು ಕಡಿದು ನೀರು ತಿರುಗಿಸಿಕೊಂಡಿದ್ದಾನೆ. ಇಬ್ಬರ ಕೈಯಲ್ಲೂ ಸಲಿಕೆ. ಮಾತಿಗೆ ಮಾತು ಬೆಳೆಯುತ್ತದೆ. ಒಂದೇ ಏಟು, ಅದೂ ತಲೆಗೆ. ಬಿದ್ದವನನ್ನು ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ತರುತ್ತಾರೆ. ಮೂರನೇ ದಿನ ಸಾಯುತ್ತಾನೆ.

ದೂರಿನಲ್ಲಿ ಏನಿರುತ್ತದೆ ಅಂತ ಓದದೆಯೇ ಹೇಳಬಹುದು. 'ಅವಾಚ್ಯ ಶಬ್ದಗಳಿಂದ ಬೈದು, ಇವತ್ತು ನಿನ್ನನ್ನು ಮುಗಿಸಿಯೇ ಬಿಡುತ್ತೇನೆ ಎಂದು, ಕೊಲೆ ಮಾಡುವ ಉದ್ದೇಶದಿಂದ ಸಲಿಕೆಯಿಂದ ತಲೆಗೆ ಹೊಡೆದು...' ನಮ್ಮ ಕಡೆ ಎಫ್‌ಐಆರ್ ಓದಿದವರಿಗೆ ಈ ಧಾಟಿ ಬಾಯಿಪಾಠ. ಸಣ್ಣ ಕೈಕೈ ಜಗಳಕ್ಕೂ ಇದೇ ಧಾಟಿ ಇರುತ್ತದೆ: ಬೈದದ್ದಕ್ಕೆ ಒಂದು ಕಲಂ, ಹೊಡೆದದ್ದಕ್ಕೆ ಒಂದು, 'ಇವತ್ತು ಉಳಿದುಕೊಂಡಿದ್ದೀಯ, ಮುಂದೆ ಸಿಕ್ಕರೆ ಬಿಡುವುದಿಲ್ಲ' ಅಂದದ್ದಕ್ಕೆ ಪ್ರಾಣ ಬೆದರಿಕೆಯ ಕಲಂ. ಹಿಂದೆ 504, 323, 506 ಇದ್ದದ್ದು ಈಗ 352, 115, 351 ಆಗಿದೆ. ಎಫ್‌ಐಆರ್‌ನಲ್ಲಿ 'ಕೊಲೆ ಮಾಡುವ ಉದ್ದೇಶದಿಂದ' ಅಂತ ಬರೆದ ಮಾತ್ರಕ್ಕೆ ಉದ್ದೇಶ ಸಾಬೀತಾಗುವುದಿಲ್ಲ. ಆದರೆ ಆ ಮಾತು ಇಲ್ಲದಿದ್ದರೆ ಆರೋಪಿಗೆ ಒಳ್ಳೆಯದು, ಯಾಕಂದರೆ ಆಮೇಲೆ ಸಾಕ್ಷಿಯೊಬ್ಬ ಅದನ್ನು ಹೊಸದಾಗಿ ಹೇಳಿದರೆ ಪಾಟೀಸವಾಲಿನಲ್ಲಿ ಸಿಕ್ಕಿಬೀಳುತ್ತಾನೆ.

ಈ ಏಟಿಗೆ ಯಾವ ಶಿಕ್ಷೆ? ಕೊಲೆ ಅಂತಾದರೆ 103ನೇ ಕಲಂ, ಜೀವಾವಧಿ ಅಥವಾ ಮರಣದಂಡನೆ. ಕೊಲೆ ಎನಿಸದ ಮಾನವಹತ್ಯೆ ಅಂತಾದರೆ 105. ಅದರಲ್ಲೂ ಎರಡು ಭಾಗ. ಉದ್ದೇಶ ಇದ್ದರೆ ಜೀವಾವಧಿ, ಇಲ್ಲವೇ 5ರಿಂದ 10 ವರ್ಷ. ಬರೀ ತಿಳಿವಳಿಕೆ ಇದ್ದರೆ 10 ವರ್ಷದವರೆಗೆ, ಕನಿಷ್ಠ ಶಿಕ್ಷೆ ಅಂತ ಇಲ್ಲ. ಅದಕ್ಕೂ ಇಳಿದರೆ ತೀವ್ರ ಗಾಯದ ಕಲಂ. ಏಟು ಒಂದೇ, ಸಾವೂ ಒಂದೇ. ಇಷ್ಟು ವ್ಯತ್ಯಾಸ ಬರುವುದು ಹೊಡೆದವನ ತಲೆಯಲ್ಲಿ ಏನಿತ್ತು ಅನ್ನೋದರಿಂದ.

'ಒಂದೇ ಏಟು ಸರ್, ಕೊಲೆ ಹೆಂಗಾಗುತ್ತೆ?' ಅಂತ ಕೇಳುವವರಿದ್ದಾರೆ. ಆಗುತ್ತದೆ. 1958ರಲ್ಲೇ ಸುಪ್ರೀಂ ಕೋರ್ಟ್ ವಿರ್ಸಾ ಸಿಂಗ್ ಕೇಸಿನಲ್ಲಿ ಇದನ್ನು ತೀರ್ಮಾನಿಸಿದೆ. ಅಲ್ಲಿ ಹೊಟ್ಟೆಗೆ ಭರ್ಜಿಯ ಒಂದೇ ತಿವಿತ. ತೀರ್ಪು ಬರೆದ ನ್ಯಾಯಮೂರ್ತಿ ವಿವಿಯನ್ ಬೋಸ್ ಹೇಳಿದ್ದು ಇಷ್ಟು: ಸಾಯಿಸಬೇಕು ಅಂತಿತ್ತೇ ಎಂದು ನೋಡಬೇಕಾಗಿಲ್ಲ. ಆದ ಆ ಗಾಯವನ್ನೇ ಮಾಡಬೇಕು ಅಂತಿತ್ತೇ? ಇತ್ತು ಅಂತಾದರೆ, ಆ ಗಾಯ ಸಾಮಾನ್ಯವಾಗಿ ಸಾವು ತರುವಷ್ಟು ದೊಡ್ಡದೇ? ಎರಡನೇ ಪ್ರಶ್ನೆಗೆ ಆರೋಪಿಯ ಮನಸ್ಸು ಬೇಕಾಗಿಲ್ಲ, ಅದು ಡಾಕ್ಟರ್ ಉತ್ತರಿಸುವ ಪ್ರಶ್ನೆ. ಹಾಗಾಗಿ 'ಸಾಯಿಸುವ ಯೋಚನೆ ಇರಲಿಲ್ಲ' ಅನ್ನೋದು ನಿಜವಾಗಿದ್ದರೂ ಕೊಲೆ ಕೇಸಿನಿಂದ ಪಾರಾಗಲು ಅದೊಂದೇ ಸಾಲದು. ಕ್ರಿಮಿನಲ್ ಕಾನೂನಿನಲ್ಲಿ ಜನರಿಗೆ ಅತಿ ಹೆಚ್ಚು ಆಶ್ಚರ್ಯ ಹುಟ್ಟಿಸುವ ಮಾತು ಇದೇ ಅನಿಸುತ್ತದೆ ನನಗೆ.

ಹಾಗಾದರೆ ಸಲಿಕೆ ಕೇಸಿನಲ್ಲಿ ವಕೀಲ ಏನನ್ನು ಹುಡುಕುತ್ತಾನೆ? ಮೊದಲು ಮರಣೋತ್ತರ ಪರೀಕ್ಷೆಯ ವರದಿ. ಸಲಿಕೆಗೆ ಅಂಚಿದೆ, ಚಪ್ಪಟೆ ಬೆನ್ನೂ ಇದೆ. ಅಂಚಿನಿಂದ ಬಿದ್ದ ಏಟು ಚರ್ಮವನ್ನು ಕತ್ತರಿಸಿ ಮೂಳೆಯ ಮೇಲೆ ಗೆರೆ ಎಳೆಯುತ್ತದೆ. ಬೆನ್ನಿನಿಂದ ಬಿದ್ದರೆ ಚರ್ಮ ಒಡೆದು ಗಾಯದ ಅಂಚು ಹರಿದ ಹಾಗೆ ಕಾಣುತ್ತದೆ, ಸುತ್ತ ಜಜ್ಜಿದ ಗುರುತು ಇರುತ್ತದೆ. ಮುದ್ದೆಮಾಲಾಗಿ, ಅಂದರೆ ಪೊಲೀಸರು ಜಪ್ತಿ ಮಾಡಿದ ವಸ್ತುವಾಗಿ, ಬಂದ ಸಲಿಕೆಯನ್ನು ಕೋರ್ಟಿನಲ್ಲಿ ಬಿಚ್ಚಿ, ಚೀಟಿ ತೋರಿಸಿ, ಡಾಕ್ಟರ ಕೈಗೆ ಕೊಟ್ಟು ಕೇಳಬೇಕು: 'ಈ ಗಾಯ ಇದರ ಯಾವ ಕಡೆಯಿಂದ ಆಗಬಹುದು?' ಕೈಗೆ ಸಿಕ್ಕಿದ್ದನ್ನು ಬೀಸಿದವನು ಅಂಚು ತಿರುಗಿಸಿಕೊಂಡು ಗುರಿಯಿಡುವುದಿಲ್ಲ ಅಂತ ವಾದಿಸಲು ಡಾಕ್ಟರ ಒಂದು ಉತ್ತರ ಬೇಕು. ಗಾಯದ ಉದ್ದ, ಆಳ, ಅದು ನೆತ್ತಿಯ ಮೇಲಿದೆಯೋ ಕಿವಿಯ ಪಕ್ಕದಲ್ಲಿದೆಯೋ ಅನ್ನೋದೂ ಮುಖ್ಯ. ಕತ್ತಲೆಯಲ್ಲಿ ಭುಜಕ್ಕೆ ಬೀಸಿದ್ದು ತಲೆಗೆ ತಗುಲಿತು ಅಂತ ಹೇಳಬಹುದು. ಹೇಳಬೇಕಾದರೆ ಗಾಯದ ಜಾಗ ಅದಕ್ಕೆ ಒಪ್ಪಬೇಕು. ನೆತ್ತಿಯ ನಡುವೆ ನೇರವಾಗಿ ಇಳಿದ ಗಾಯ ಇಟ್ಟುಕೊಂಡು ಭುಜದ ಕಥೆ ಹೇಳಿದರೆ ಯಾರೂ ನಂಬಲ್ಲ.

ಎರಡನೆಯದು, ಸಲಿಕೆ ಎಲ್ಲಿಂದ ಬಂತು. ನೀರು ಕಟ್ಟಲು ಹೋದವನ ಕೈಯಲ್ಲಿ ಸಲಿಕೆ ಇರುವುದು ಸಹಜ. ಜಗಳವಾದ ಮೇಲೆ ಮನೆಗೆ ಹೋಗಿ ಮಚ್ಚು ತಂದಿದ್ದರೆ ಆ ದಾರಿಯ ಪ್ರತಿ ಹೆಜ್ಜೆಯೂ ಉದ್ದೇಶಕ್ಕೆ ಸಾಕ್ಷಿ. ಆಯುಧ ಜೊತೆಗಿತ್ತೇ, ಅಲ್ಲೇ ಹೆಕ್ಕಿದ್ದೇ, ಹೊಡೆದ ಜಾಗ ಮರ್ಮಸ್ಥಾನವೇ, ಎಷ್ಟು ಬಲ, ಎಷ್ಟು ಏಟು, ಹಳೇ ದ್ವೇಷ ಇತ್ತೇ, ಎದುರಿನವನು ಕೆಣಕಿದ್ದನೇ: ಇಂಥ ಸಂಗತಿಗಳನ್ನು ಸೇರಿಸಿ ಉದ್ದೇಶವನ್ನು ಅಳೆಯಬೇಕು ಅಂತ 2006ರ ಪುಲಿಚೆರ್ಲ ನಾಗರಾಜು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ಸೆಷನ್ಸ್ ಕೋರ್ಟಿನಲ್ಲಿ ಈ ತೀರ್ಪನ್ನು ಎರಡೂ ಕಡೆಯವರು ಓದುತ್ತಾರೆ, ತಮಗೆ ಬೇಕಾದ ಸಾಲಿಗೆ ಮಾತ್ರ ಗೆರೆ ಎಳೆದುಕೊಂಡು.

ಹಠಾತ್ ಜಗಳ ಅನ್ನುವ ವಿನಾಯಿತಿ ಇರುವುದು ಇಂಥ ಕೇಸಿಗೇ. ಮೊದಲೇ ಯೋಚಿಸಿರಬಾರದು, ಸಿಟ್ಟಿನ ಭರದಲ್ಲಿ ಆಗಿರಬೇಕು, ಎದುರಿನವನ ಅಸಹಾಯಕತೆಯನ್ನು ಬಳಸಿಕೊಂಡಿರಬಾರದು, ಕ್ರೂರವಾಗಿ ನಡೆದುಕೊಂಡಿರಬಾರದು. ನಾಲ್ಕೂ ಇದ್ದರೆ ಕೊಲೆ 105ಕ್ಕೆ ಇಳಿಯುತ್ತದೆ. ಇಬ್ಬರ ಕೈಯಲ್ಲೂ ಸಲಿಕೆ ಇತ್ತು ಅನ್ನೋದು ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಸತ್ತವನ ಕೈಯಲ್ಲಿ ಬರೀ ಟಾರ್ಚ್ ಇದ್ದಿದ್ದರೆ ಕಷ್ಟ. ಬಿದ್ದ ಮೇಲೆ ಇನ್ನೊಂದು ಏಟು ಹಾಕಿದ್ದರೆ ಇನ್ನೂ ಕಷ್ಟ. ಗಾಯಾಳುವನ್ನು ಹೊಡೆದವನೇ ಬೈಕಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದಿದ್ದರೆ ಅದು ಅವನ ಪರ. ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸ್ ಆಗುವಂಥ ಗಾಯಾಳುಗಳ) ರಿಜಿಸ್ಟರ್‌ನಲ್ಲಿ 'ಕರೆತಂದವರು' ಅನ್ನುವ ಕಡೆ ಯಾರ ಹೆಸರಿದೆ ಅಂತ ಅದಕ್ಕೇ ಹುಡುಕುವುದು.

ಹಳೇ ದ್ವೇಷದ ಬಗ್ಗೆ ಒಂದು ಮಾತು. 'ನನಗೂ ಅವನಿಗೂ ಏನೂ ಇರಲಿಲ್ಲ, ಕೊಲೆ ಮಾಡೋಕೆ ಕಾರಣವೇ ಇಲ್ಲ' ಅಂತ ಎಷ್ಟೋ ಜನ ಗಟ್ಟಿಯಾಗಿ ವಾದಿಸುತ್ತಾರೆ. ಕಾರಣ ಬೇರೆ, ಉದ್ದೇಶ ಬೇರೆ. ಕಣ್ಣಾರೆ ಕಂಡ ಸಾಕ್ಷಿ ಗಟ್ಟಿಯಾಗಿದ್ದರೆ ಯಾಕೆ ಹೊಡೆದ ಅನ್ನೋದನ್ನು ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕಾಗಿಲ್ಲ. ನೋಡಿದವರು ಯಾರೂ ಇಲ್ಲದ, ಸಂದರ್ಭಗಳ ಮೇಲೆಯೇ ನಿಂತ ಕೇಸಿನಲ್ಲಿ ಮಾತ್ರ ಕಾರಣ ಇಲ್ಲದಿರುವುದು ದೊಡ್ಡ ಅಂಶವಾಗುತ್ತದೆ.

ಸತ್ತಿಲ್ಲ, ಅಷ್ಟೇನೂ ಗಾಯವೂ ಆಗಿಲ್ಲ, ಆದರೂ ಕೊಲೆ ಯತ್ನದ ಕೇಸ್ ಯಾಕೆ ಹಾಕಿದರು ಅಂತ ಕೇಳುವವರೂ ಇದ್ದಾರೆ. ಹಿಂದಿನ 307, ಈಗಿನ 109ರಲ್ಲಿ ಗಾಯ ಮುಖ್ಯವಲ್ಲ. ಮಚ್ಚು ಕುತ್ತಿಗೆಗೆ ಬೀಸಿ, ಎದುರಿನವನು ಬಗ್ಗಿದ್ದರಿಂದ ತಪ್ಪಿದರೂ ಸಾಕು. ಜೀವ ಹೋಗುವಂಥ ಗಾಯ ಆಗಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿದೆ. ಆದರೆ ಪೊಲೀಸರು ಇದನ್ನು ಸಲೀಸಾಗಿ ಹಾಕುತ್ತಾರೆ ಅನ್ನೋದೂ ನಿಜ. ಜಾಮೀನು ಕಷ್ಟವಾಗಲಿ ಅಂತ ದೂರುದಾರರೂ ಒತ್ತಾಯಿಸುತ್ತಾರೆ. ಗಾಯದ ಸರ್ಟಿಫಿಕೇಟಿನಲ್ಲಿ ಎರಡು ತರಚು ಗಾಯ, ಎಫ್‌ಐಆರ್‌ನಲ್ಲಿ 109. ಇಂಥ ಕಡತ ತೆಗೆದಾಗ ವಕೀಲನಿಗೆ ಸ್ವಲ್ಪ ಸಮಾಧಾನ.

ಇನ್ನು ಹಂದಿ ಬೇಲಿ. ಮೆಕ್ಕೆಜೋಳ ತೆನೆಗಟ್ಟುವ ಹೊತ್ತಿಗೆ ಕಾಡುಹಂದಿ ಕಾಟ ಶುರು. ಸೋಲಾರ್ ಬೇಲಿಯ ಮಾತು ಬೇರೆ. ಅದು ಬಿಟ್ಟು ಬಿಟ್ಟು ಸಣ್ಣ ಶಾಕ್ ಕೊಡುತ್ತದೆ, ಪ್ರಾಣ ತೆಗೆಯುವುದಿಲ್ಲ. ಕೆಲವರು ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ಹೊಲದ ಸುತ್ತ ತಂತಿ ಎಳೆಯುತ್ತಾರೆ. ಬೆಳಗಿನ ಜಾವ ಪಕ್ಕದ ಹೊಲದವನು ಕಾಲಿಟ್ಟು ಸಾಯುತ್ತಾನೆ. 'ಹಂದಿಗೆ ಹಾಕಿದ್ದು ಸರ್, ಆತ ನನ್ನ ಅಣ್ಣನ ಸಮಾನ.' ನಿಜವೇ ಇರಬಹುದು. ಕೊಲ್ಲುವ ಉದ್ದೇಶ ಇರಲಿಲ್ಲ ಅನ್ನೋದನ್ನು ಪೊಲೀಸರೂ ಒಪ್ಪುತ್ತಾರೆ. ಆದರೆ ಪ್ರಶ್ನೆ ಅದಲ್ಲ. ನಿರ್ಲಕ್ಷ್ಯದಿಂದ ಆದ ಸಾವು ಅಂತ 106ಕ್ಕೆ ಹಾಕಬೇಕೋ, ಸಾವು ಬರಬಹುದು ಅಂತ ಗೊತ್ತಿತ್ತು ಅಂತ 105ಕ್ಕೆ ಹಾಕಬೇಕೋ? ಮೊದಲನೆಯದು 5 ವರ್ಷದವರೆಗೆ, ಎರಡನೆಯದು 10 ವರ್ಷದವರೆಗೆ.

ಹೆಚ್ಚುಕಮ್ಮಿ ಇಂಥದ್ದೇ ಒಂದು ಕೇಸ್ ಬಿಹಾರದಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು, ಚೆರುಬಿನ್ ಗ್ರೆಗೊರಿ ಕೇಸ್. ಪಕ್ಕದ ಮನೆಯವರ ಕಕ್ಕಸಿನ ಗೋಡೆ ಬಿದ್ದಿತ್ತು. ಅವರು ಇವನ ಕಕ್ಕಸಿಗೆ ಬರತೊಡಗಿದರು. ಬರದಿರಲಿ ಅಂತ ಇವನು ಬರೀ ತಾಮ್ರದ ತಂತಿ ಕಟ್ಟಿ ಕರೆಂಟ್ ಹಾಯಿಸಿದ. ಒಬ್ಬ ಹೆಂಗಸು ಸತ್ತಳು. 'ನನ್ನ ಜಾಗ, ಅವರು ಅತಿಕ್ರಮ ಮಾಡಿದ್ದು' ಅನ್ನುವ ವಾದವನ್ನು 1963ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅತಿಕ್ರಮ ಮಾಡಿದವರಿಗೂ ಹೀಗೆ ಬಲೆ ಒಡ್ಡುವ ಹಕ್ಕು ಯಾರಿಗೂ ಇಲ್ಲ ಎಂದು ಐಪಿಸಿ 304ಎ, ಅಂದರೆ ಈಗಿನ 106ರ, ಶಿಕ್ಷೆಯನ್ನು ಎತ್ತಿಹಿಡಿಯಿತು. ಅಲ್ಲಿ ಆರೋಪ ಇದ್ದದ್ದೇ ನಿರ್ಲಕ್ಷ್ಯದ ಕಲಮಿನಲ್ಲಿ. ಈಗ ತನಿಖಾಧಿಕಾರಿಗಳು ತಿಳಿವಳಿಕೆಯ ಕಲಮಿಗೂ ಕೈಹಾಕುತ್ತಾರೆ.

ಹಾಗಾಗಿ ಇಂಥ ಕೇಸ್ ಬಂದಾಗ ಕೇಳುವ ಪ್ರಶ್ನೆಗಳು ಸಣ್ಣವು. ತಂತಿ ಹೊಲದ ಒಳಗಿತ್ತೋ, ಜನ ಓಡಾಡುವ ಕಾಲುದಾರಿಗೆ ಅಡ್ಡ ಇತ್ತೋ? ಅಕ್ಕಪಕ್ಕದವರಿಗೆ ಹೇಳಿದ್ದೆಯಾ? ಬೆಳಕು ಹರಿಯುವ ಮೊದಲು ಆಫ್ ಮಾಡುತ್ತಿದ್ದೆಯಾ? ಇದಕ್ಕೆ ಮೊದಲು ಯಾರಿಗಾದರೂ ಶಾಕ್ ಹೊಡೆದಿತ್ತಾ? ಕೊನೆಯ ಪ್ರಶ್ನೆಗೆ ಉತ್ತರ ಬರುವಾಗ ಎಷ್ಟೋ ಸಲ ದನಿ ಇಳಿಯುತ್ತದೆ. ಹೋದ ತಿಂಗಳು ಯಾರದೋ ಎಮ್ಮೆ ಅದೇ ತಂತಿಗೆ ಸತ್ತು, ಊರಿನಲ್ಲಿ ಪಂಚಾಯಿತಿ ಆಗಿ, ದುಡ್ಡು ಕೊಟ್ಟು ಮುಗಿಸಿದ್ದರೆ 'ಗೊತ್ತಿರಲಿಲ್ಲ' ಅನ್ನುವ ದಾರಿ ಮುಚ್ಚಿತು ಅಂತಲೇ ಲೆಕ್ಕ.

ಇನ್ನೊಂದು ಅನಾಹುತ ಆಮೇಲೆ ಆಗುತ್ತದೆ. ಗಾಬರಿಯಲ್ಲಿ ಹೆಣವನ್ನು ಎಳೆದು ನಾಲೆಗೋ ಬಾವಿಗೋ ಹಾಕುತ್ತಾರೆ. ಅಲ್ಲಿಗೆ ಸಾಕ್ಷ್ಯ ನಾಶದ 238ನೇ ಕಲಂ ಸೇರಿತು. ಅದಕ್ಕಿಂತ ಕೆಟ್ಟದ್ದೆಂದರೆ, ಆಕಸ್ಮಿಕ ಅಂತ ಹೇಳುವವನ ಮಾತನ್ನು ಆ ನಡವಳಿಕೆಯೇ ಸುಳ್ಳು ಮಾಡಿಬಿಡುತ್ತದೆ. ಎಳೆದು ಹಾಕುವಾಗ ಆತ ಇನ್ನೂ ಬದುಕಿದ್ದು, ನೀರಿನಲ್ಲಿ ಉಸಿರುಗಟ್ಟಿ ಸತ್ತಿದ್ದರೆ? ಇದು ತಲೆಹರಟೆ ಪ್ರಶ್ನೆ ಅನಿಸಬಹುದು, ಆದರೆ ನಿಜಕ್ಕೂ ನಡೆದದ್ದಿದೆ. 1919ರಲ್ಲಿ ಮದ್ರಾಸ್ ಹೈಕೋರ್ಟಿಗೆ ಪಳನಿ ಗೌಂಡನ್ ಅನ್ನುವವನ ಕೇಸ್ ಬಂತು. ಜಗಳದಲ್ಲಿ ನೇಗಿಲ ಗುಳದಿಂದ ಹೆಂಡತಿಯ ತಲೆಗೆ ಹೊಡೆದ. ಅವಳಿಗೆ ಪ್ರಜ್ಞೆ ತಪ್ಪಿತು. ಸತ್ತಳು ಅಂದುಕೊಂಡು, ಆತ್ಮಹತ್ಯೆ ಅಂತ ತೋರಿಸಲು ತೊಲೆಗೆ ನೇತುಹಾಕಿದ. ಅವಳು ಸತ್ತದ್ದು ನೇಣಿನಿಂದ. ಹೊಡೆದಾಗ ಸಾವು ತರುವ ಉದ್ದೇಶ ಇರಲಿಲ್ಲ, ನೇತುಹಾಕುವಾಗ ಅವನ ಮನಸ್ಸಿನಲ್ಲಿ ಇದ್ದದ್ದು ಹೆಣ. ಕೊಲೆಯೂ ಅಲ್ಲ, ಮಾನವಹತ್ಯೆಯೂ ಅಲ್ಲ ಅಂತ ಪೂರ್ಣಪೀಠ ಹೇಳಿತು. ಹೊಡೆದ ತಪ್ಪಿಗೆ ಬೇರೆ ಶಿಕ್ಷೆ ಇದ್ದೇ ಇತ್ತು. ಮೊದಲಿಂದಲೂ ಕೊಲ್ಲಲೆಂದೇ ಹೊಡೆದವನಿಗೆ ಈ ವಾದ ಸಿಗುವುದಿಲ್ಲ ಅಂತ ಅದೇ ಹೈಕೋರ್ಟ್ ಮುಂದೆ 1943ರಲ್ಲಿ ಸ್ಪಷ್ಟ ಮಾಡಿತು.

ಗುರಿ ಒಬ್ಬ, ಸತ್ತವರು ಇನ್ನೊಬ್ಬರು ಅಂತಾದರೆ? ಅದಕ್ಕೂ ಮದ್ರಾಸಿನದೇ 1912ರ ಕೇಸ್ ಇದೆ. ಒಬ್ಬನನ್ನು ಕೊಲ್ಲಲು ಹಲ್ವಾದಲ್ಲಿ ವಿಷ ಬೆರೆಸಿ ಕೊಟ್ಟರು. ಅವನು ಸ್ವಲ್ಪ ತಿಂದು ಎಸೆದ. ಆ ಮನೆಯಲ್ಲಿದ್ದ ಸಣ್ಣ ಹುಡುಗಿ ಅದನ್ನು ತಿಂದು ಸತ್ತಳು. ಅವಳನ್ನು ಕೊಲ್ಲುವ ಯೋಚನೆ ಕನಸಿನಲ್ಲೂ ಇರಲಿಲ್ಲ. ಆದರೂ ಕೊಲೆಯೇ ಅಂತ ತೀರ್ಪಾಯಿತು. ಬಿಎನ್‌ಎಸ್‌ನ 102ನೇ ಕಲಂ ಇದನ್ನೇ ಹೇಳುತ್ತದೆ. ಹಂದಿ ಬೇಲಿಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಮನುಷ್ಯನನ್ನು ಕೊಲ್ಲುವ ಉದ್ದೇಶವೇ ಇಲ್ಲ, ವರ್ಗಾಯಿಸುವುದು ಏನನ್ನು?

ಸುಗ್ಗಿಯಲ್ಲಿ ರಸ್ತೆಯ ಮೇಲೆ ಮೆಕ್ಕೆಜೋಳ ಒಣಹಾಕುವುದು ನಮ್ಮ ಜಿಲ್ಲೆಯಲ್ಲಿ ಎಲ್ಲರೂ ನೋಡಿದ ದೃಶ್ಯ. ಕಾಳಿನ ಸುತ್ತ ದಪ್ಪ ಕಲ್ಲು ಬೇರೆ ಇಟ್ಟಿರುತ್ತಾರೆ. ರಾತ್ರಿ ಬೈಕಿನವನು ಕಲ್ಲಿಗೆ ಗುದ್ದಿ ಸತ್ತರೆ ಕಾಳು ಒಣಗಿಸಿದವನ ಮೇಲೆ 106 ಬರಬಹುದು. ಬರೀ ರಸ್ತೆಗೆ ಅಡ್ಡಿ ಮಾಡಿದ್ದಕ್ಕೆ 285ನೇ ಕಲಮಿನಲ್ಲಿ 5,000 ರೂಪಾಯಿವರೆಗೆ ದಂಡ. 'ಕಣ ಇಲ್ಲ ಸರ್, ಎಲ್ಲಿ ಒಣಗಿಸೋಣ?' ಅನ್ನೋದು ನ್ಯಾಯವಾದ ಪ್ರಶ್ನೆ, ಒಪ್ಪುತ್ತೇನೆ. ಆದರೆ ಅದನ್ನು ಗ್ರಾಮ ಪಂಚಾಯಿತಿಗೆ ಕೇಳಬೇಕು. ಕ್ರಿಮಿನಲ್ ಕೋರ್ಟ್ ನೋಡುವುದು ಎಚ್ಚರಿಕೆ ಸಾಲದಾಯಿತೇ ಅನ್ನೋದನ್ನು ಮಾತ್ರ.

ಹೈವೇ ಅಪಘಾತದಲ್ಲೂ ಇದೇ ಲೆಕ್ಕ. ಹಿಂದೆ 304ಎಗೆ ಗರಿಷ್ಠ 2 ವರ್ಷ ಇತ್ತು, 106ರಲ್ಲಿ 5 ವರ್ಷ ಆಗಿದೆ. ಅಪಘಾತ ಮಾಡಿ ತಿಳಿಸದೆ ಓಡಿಹೋದರೆ 10 ವರ್ಷ ಅನ್ನುವ ಉಪಕಲಂ ವಿರುದ್ಧ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಮಾಡಿದ್ದು ನೆನಪಿರಬಹುದು. ಬಿಎನ್‌ಎಸ್ ಜಾರಿಗೆ ತರುವಾಗ ಕೇಂದ್ರ ಸರ್ಕಾರ ಆ ಉಪಕಲಮನ್ನು ಪಕ್ಕಕ್ಕಿಟ್ಟಿತು. ಕುಡಿದು ಓಡಿಸಿದವನ ಕಥೆ ಬೇರೆ. 2006ರಲ್ಲಿ ಮುಂಬೈಯಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹತ್ತಿ 7 ಜನ ಸತ್ತ ಅಲಿಸ್ಟರ್ ಪರೇರಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿರ್ಲಕ್ಷ್ಯದ ಹಂತದಲ್ಲಿ ಬಿಡಲಿಲ್ಲ. ತಿಳಿವಳಿಕೆ ಇತ್ತು ಅಂತ ಹಿಂದಿನ 304, ಅಂದರೆ ಈಗಿನ 105ರ, ಎರಡನೇ ಭಾಗದ ಶಿಕ್ಷೆಯನ್ನು 2012ರಲ್ಲಿ ಖಾಯಂ ಮಾಡಿತು.

'ಕುಡಿದಿದ್ದೆ ಸರ್, ಏನು ಮಾಡಿದೆ ಅಂತಲೇ ಗೊತ್ತಿಲ್ಲ' ಅನ್ನೋದನ್ನು ಕೆಲವರು ಗುಟ್ಟಿನ ಅಸ್ತ್ರದ ಹಾಗೆ ಹೇಳುತ್ತಾರೆ. ತನಗೆ ತಿಳಿಯದೆ ಅಥವಾ ಬಲವಂತವಾಗಿ ಕುಡಿಸಿದ್ದರೆ ಮಾತ್ರ ಅದರಿಂದ ರಕ್ಷಣೆ. ತಾನೇ ಕುಡಿದವನಿಗೆ, ಕುಡಿಯದವನಿಗೆ ಇರುವಷ್ಟೇ ತಿಳಿವಳಿಕೆ ಇತ್ತು ಅಂತ ಕಾನೂನು ಭಾವಿಸುತ್ತದೆ. 1956ರ ಬಸ್‌ದೇವ್ ಕೇಸಿನಲ್ಲಿ ಮದುವೆ ಊಟಕ್ಕೆ ಬಂದ ನಿವೃತ್ತ ಸೈನಿಕ, ಪಕ್ಕಕ್ಕೆ ಸರಿ ಅಂದರೆ ಸರಿಯಲಿಲ್ಲ ಅಂತ ಒಬ್ಬ ಹುಡುಗನ ಹೊಟ್ಟೆಗೆ ಗುಂಡು ಹೊಡೆದ. ಅಮಲು ಇತ್ತು, ಆದರೆ ತಾನೇ ನಡೆದು ಬಂದಿದ್ದ, ಮಾತಾಡಿದ್ದ. ಕೊಲೆ ಶಿಕ್ಷೆ ಉಳಿಯಿತು.

ಪೇಟೆ ಕೇಸುಗಳಿಗೆ ಬಂದರೆ ಚಿತ್ರ ತಿರುವುಮುರುವಾಗುತ್ತದೆ. ಇಲ್ಲಿ ಉದ್ದೇಶ ಇರಲಿಲ್ಲ ಅನ್ನುವ ಮಾತಿಗೆ ನಿಜವಾದ ತೂಕ ಇದೆ. ಎಪಿಎಂಸಿಯಲ್ಲಿ ಮೆಕ್ಕೆಜೋಳ ಕೊಂಡ ವ್ಯಾಪಾರಿ ದುಡ್ಡು ಕೊಡಲಿಲ್ಲ. ಅದು ವಂಚನೆಯೇ? 318ನೇ ಕಲಂ ಪ್ರಕಾರ, ಮಾಲು ತೆಗೆದುಕೊಳ್ಳುವ ಹೊತ್ತಿಗೇ ಮೋಸ ಮಾಡುವ ಮನಸ್ಸು ಇದ್ದಿರಬೇಕು. ಆಮೇಲೆ ರೇಟ್ ಬಿದ್ದು, ನಷ್ಟವಾಗಿ, ಕೈಯೆತ್ತಿದರೆ ಅದು ಸಿವಿಲ್ ಬಾಕಿ. 2000ನೇ ಇಸವಿಯ ಹೃದಯ ರಂಜನ್ ಪ್ರಸಾದ್ ವರ್ಮಾ ತೀರ್ಪು ಇದಕ್ಕೆ ಆಧಾರ, ಇಂಥ ಎಫ್‌ಐಆರ್ ರದ್ದು ಮಾಡಿಸಲು ಹೈಕೋರ್ಟಿಗೆ ಹೋಗುವವರೆಲ್ಲ ಓದುವ ತೀರ್ಪು. ಆದರೆ ಶುರುವಿನ ಮನಸ್ಸನ್ನು ಆಮೇಲಿನ ಕಾಗದಗಳೇ ಹೇಳಿಬಿಡುತ್ತವೆ. ಮೊದಲೇ ಮುಚ್ಚಿದ ಖಾತೆಯ ಚೆಕ್, ಇಲ್ಲದ ಅಂಗಡಿಯ ಬಿಲ್, ಅದೇ ವಾರ ಹತ್ತು ಜನರಿಂದ ಮಾಲು ಎತ್ತಿ ಒಟ್ಟಿಗೆ ಬಾಗಿಲು ಹಾಕಿದ್ದು. ಇಷ್ಟಿದ್ದರೆ ನಷ್ಟದ ಕಥೆ ನಡೆಯಲ್ಲ.

ಸಾಲದ ಬಾಬ್ತಿನಲ್ಲಿ ಬೈಕ್ ಎಳೆದು ತರುವವರಿಗೂ ಒಂದು ಮಾತು. 'ನನ್ನ ದುಡ್ಡು ಬರಬೇಕು, ಕೊಟ್ಟ ಮೇಲೆ ವಾಪಸ್ ಕೊಡ್ತೀನಿ' ಅನ್ನೋದು ಕಳ್ಳತನಕ್ಕೆ ಉತ್ತರ ಆಗುವುದಿಲ್ಲ. ಶಾಶ್ವತವಾಗಿ ಇಟ್ಟುಕೊಳ್ಳುವ ಯೋಚನೆ ಇರಬೇಕಾಗಿಲ್ಲ. ಆಫೀಸಿನ ಫೈಲನ್ನು ಒಂದೆರಡು ದಿನಕ್ಕೆ ಹೊರಗೆ ಕೊಟ್ಟು ವಾಪಸ್ ತಂದಿಟ್ಟ ನೌಕರನ ಮೇಲೂ ಕಳ್ಳತನ ನಿಂತಿತು, 1962ರ ಪ್ಯಾರೇಲಾಲ್ ಭಾರ್ಗವ ಕೇಸಿನಲ್ಲಿ.

ಚೆಕ್ ಬೌನ್ಸ್‌ನಲ್ಲಿ ಮಾತ್ರ ಮನಸ್ಸಿನ ಪ್ರಶ್ನೆಯೇ ಇಲ್ಲ. ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ರಲ್ಲಿ ಕೇಸ್ ಆದವರು 'ಮೋಸ ಮಾಡೋ ಉದ್ದೇಶ ಇರಲಿಲ್ಲ, ದುಡ್ಡು ಬರುತ್ತೆ ಅಂದ್ಕೊಂಡಿದ್ದೆ' ಅಂತ ಕಣ್ಣೀರು ಹಾಕುತ್ತಾರೆ. ಬೌನ್ಸ್ ಆಗುತ್ತದೆ ಅಂತ ನಂಬಲು ಕಾರಣ ಇರಲಿಲ್ಲ ಅನ್ನೋದು ರಕ್ಷಣೆ ಅಲ್ಲ ಎಂದು ಅದೇ ಕಾಯ್ದೆಯ 140ನೇ ಕಲಂ ನೇರವಾಗಿ ಬರೆದಿದೆ. ನೋಟಿಸ್ ಬಂದ 15 ದಿನದೊಳಗೆ ದುಡ್ಡು ಕಟ್ಟುವುದೊಂದೇ ಸುಲಭದ ದಾರಿ.

ಕಾಯ್ದೆಯಲ್ಲಿ ಹೀಗೆ ಬಿಡಿಸಿ ಬರೆಯದ ಕಡೆ ಏನು ಮಾಡಬೇಕು ಅನ್ನೋದರ ಬಗ್ಗೆ ಸುಪ್ರೀಂ ಕೋರ್ಟೇ ಎರಡು ಕಡೆ ವಾಲಿದೆ. ಮಧ್ಯಪ್ರದೇಶದ ಧಾರ್‌ನ ಧಾನ್ಯ ವ್ಯಾಪಾರಿ ನಾಥೂಲಾಲ್ ಲೈಸೆನ್ಸ್‌ಗೆ ಅರ್ಜಿ ಹಾಕಿ, ಸಿಕ್ಕೇ ಸಿಗುತ್ತದೆ ಅಂತ ಗೋಧಿ ದಾಸ್ತಾನು ಮಾಡಿದ್ದ. ತಪ್ಪು ಮನಸ್ಸು ಇರಲಿಲ್ಲ ಅಂತ 1965ರಲ್ಲಿ ಬಿಡುಗಡೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಜ್ಯೂರಿಕ್‌ನಿಂದ ಮನಿಲಾಗೆ ಹೋಗುವ ದಾರಿಯಲ್ಲಿ ಬಾಂಬೆಯಲ್ಲಿ ನಿಂತ ವಿಮಾನದೊಳಗೇ ಕೂತಿದ್ದ ಮೇಯರ್ ಹ್ಯಾನ್ಸ್ ಜಾರ್ಜ್ ಎಂಬ ಜರ್ಮನ್ ಪ್ರಜೆಗೆ 34 ಕಿಲೋ ಚಿನ್ನದ ಕೇಸಿನಲ್ಲಿ ಶಿಕ್ಷೆ. ಚಿನ್ನ ತರುವ ಬಗ್ಗೆ ಕೆಲವೇ ದಿನ ಮೊದಲು ಹೊರಟ ಹೊಸ ಅಧಿಸೂಚನೆ ಅವನಿಗೆ ಗೊತ್ತಿರಲಿಲ್ಲ ಅನ್ನೋದು ನಡೆಯಲಿಲ್ಲ. ನನಗೆ ನಾಥೂಲಾಲ್ ತೀರ್ಪೇ ಸರಿ ಅನಿಸುತ್ತದೆ. ಬಡಪಾಯಿ ವ್ಯಾಪಾರಿಗಳ ಪರ ನಿಲ್ಲುವವನ ಒಲವು ಇರಬಹುದು ಅದು.

ಇಷ್ಟೆಲ್ಲ ಹೇಳಿದ ಮೇಲೆ, ಕೋರ್ಟಿನಲ್ಲಿ ಹೆಚ್ಚು ಜನ ಎಡವುವ ಜಾಗ ಒಂದಿದೆ. ಪ್ರಾಸಿಕ್ಯೂಷನ್ ಸಾಕ್ಷಿಗಳು ಮುಗಿದ ಮೇಲೆ ಜಡ್ಜ್ ಆರೋಪಿಯನ್ನೇ ಪ್ರಶ್ನೆ ಕೇಳುತ್ತಾರೆ. ಹಿಂದೆ ಇದು ಸಿಆರ್‌ಪಿಸಿ 313ರ ಹೇಳಿಕೆ, ಈಗ ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್, 351. ನಮ್ಮ ಕಡೆ ಅಭ್ಯಾಸ ಏನೆಂದರೆ ಎಲ್ಲದಕ್ಕೂ 'ಸುಳ್ಳು' ಅನ್ನುವುದು. ಸ್ಥಳದಲ್ಲಿ ಇದ್ದೆಯಾ? ಸುಳ್ಳು. ಸಲಿಕೆ ನಿನ್ನದಾ? ಸುಳ್ಳು. ಜಗಳ ಆಯ್ತಾ? ಸುಳ್ಳು. ಆಮೇಲೆ ವಾದ ಮಾಡುವಾಗ ವಕೀಲರು ಹಠಾತ್ ಜಗಳ, ಉದ್ದೇಶ ಇರಲಿಲ್ಲ, 105ಕ್ಕೆ ಇಳಿಸಿ ಅನ್ನುತ್ತಾರೆ. ಅಲ್ಲಿ ಇರಲೇ ಇಲ್ಲ ಅಂದವನಿಗೆ ಹಠಾತ್ ಜಗಳ ಎಲ್ಲಿಂದ ಬಂತು? ಸಾಕ್ಷ್ಯದಲ್ಲೇ ಅದು ಕಂಡರೆ, ಆರೋಪಿ ಕೇಳದಿದ್ದರೂ ಕೋರ್ಟ್ ಆ ಲಾಭ ಕೊಡಬಹುದು. ಕೊಟ್ಟದ್ದೂ ಇದೆ. ಆದರೆ ವಿನಾಯಿತಿಯನ್ನು ತೋರಿಸುವ ಹೊಣೆ ಆರೋಪಿಯದು, ಅವನದೇ ಹೇಳಿಕೆ ಅದಕ್ಕೆ ಅಡ್ಡ ನಿಂತರೆ ಕೆಲಸ ಕಷ್ಟ. 'ಅಲ್ಲಿ ಇರಲಿಲ್ಲ' ಅಂತ ಹೋಗುವುದೋ, 'ಇದ್ದೆ, ಜಗಳ ಆಯ್ತು, ಹೀಗಾಯ್ತು' ಅಂತ ಹೋಗುವುದೋ, ಎರಡರಲ್ಲಿ ಒಂದನ್ನು ಮೊದಲ ಸಾಕ್ಷಿಯ ಪಾಟೀಸವಾಲಿಗೆ ಮುಂಚೆಯೇ ವಕೀಲರ ಜೊತೆ ಕೂತು ತೀರ್ಮಾನಿಸಿಕೊಳ್ಳಬೇಕು, ಯಾಕಂದರೆ ಡಾಕ್ಟರಿಗೆ ಸಲಿಕೆಯ ಯಾವ ಕಡೆ ಅಂತ ಕೇಳುವ ಪ್ರಶ್ನೆ ಎರಡನೇ ದಾರಿಯಲ್ಲಿ ಹೋದವರಿಗೆ ಮಾತ್ರ ಕೇಳಲು ಸಾಧ್ಯ.